ಸರ್ವೆ ತೋಪಿನಲ್ಲಿ ಒಬ್ಬಳೇ

ಮೊನ್ನೆ ಶೂ ತೊಳೆಯಲು ಬಟ್ಟೆ ಕಲ್ಲಿನ ಪಕ್ಕ ಕೂತೆ. ಕ್ಯಾನ್ವಾಸಿನ ಬಿಳಿ ಶೂ. ಈಗ ಬಿಳಿ ಎಂದು ಕರೆದರೆ ಅದಕ್ಕೇ ಸಂಕೋಚವಾದೀತು. ತಲೆಕೆಳಗು ಮಾಡಿ ಕಲ್ಲಿಗೆ ಎರಡೇಟು ಬಡಿದೆ. ಒಂದು ಹಿಡಿ ಮರಳು ಉದುರಿತು. ಜೊತೆಗೆ ಸೂಜಿಯಂಥ ಒಣ ಎಲೆ ನಾಲ್ಕು, ಗೋಲಿಗಿಂತ ಚಿಕ್ಕದಾದ, ಮೈಯೆಲ್ಲ ಮುಳ್ಳಾದ ಒಂದು ಕಾಯಿ. ಅಲ್ಲೇ ಹಲ್ಲುಜ್ಜುತ್ತಿದ್ದ ನಮ್ಮ ಯಜಮಾನರು, ಹೊಳೆಯಲ್ಲಿ ಇನ್ನೇನಾದರೂ ಉಳಿದಿದೆಯೋ ಎಲ್ಲ ನಿನ್ನ ಶೂನಲ್ಲೇ ಬಂದುಬಿಟ್ಟಿತೋ ಎಂದು ನೊರೆ ತುಂಬಿದ ಬಾಯಲ್ಲೇ ಕೇಳಿದರು.

ಶೂ ತೊಳೆಯುವ ಕೆಲಸ ಅಲ್ಲಿಗೇ ನಿಂತಿತು. ಎರಡು ತಿಂಗಳ ಹಿಂದಿನ ಆ ದಿನವನ್ನು ಕೂತಲ್ಲೇ ಇನ್ನೊಂದು ಸಲ ನಡೆದುಬಂದೆ. ನೀವೂ ಬರುವುದಾದರೆ ಬನ್ನಿ. ಆ ದಿನ ಮಾತ್ರ ಯಾರನ್ನೂ ಕರೆದುಕೊಂಡು ಹೋಗಿರಲಿಲ್ಲ; ಇಡೀ ಸಂಗತಿಯೇ ಅದು.

ನಾನು ಬಸ್ ಕಂಡಕ್ಟರ್ ಆಗಿದ್ದವಳು. ಊರು ಹುಲ್ಲಹಳ್ಳಿ, ಮದುವೆಯಾಗಿ ಬಂದದ್ದು ನಂಜನಗೂಡಿಗೆ. ನಮ್ಮ ಯಜಮಾನರು ಮಾದೇವಪ್ಪನವರದು ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತಿಕೊಡುವ ಅಂಗಡಿ. ನಾನು ಮೂವತ್ತು ದಾಟಿದ ಮೇಲೆ ಕೆಲಸಕ್ಕೆ ಸೇರಿದೆ. ನಮ್ಮ ಡಿಪೋದಲ್ಲಿ ಆಗ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಮೂವತ್ತಕ್ಕೆ ಒಂದು ಕಮ್ಮಿ ವರ್ಷ ಬಸ್ಸಿನ ಮುಂಬಾಗಿಲಿನಿಂದ ಹಿಂಬಾಗಿಲಿಗೆ ಓಡಾಡಿದ್ದೇನೆ. ಅಷ್ಟನ್ನೂ ಕೂಡಿಸಿದರೆ ಕಾಶಿಗೆ ಹೋಗಿ ಬರಬಹುದಿತ್ತು. ಆದರೆ ಅದು ಓಡುವ ಬಸ್ಸಿನೊಳಗಿನ ನಡಿಗೆ. ಅದು ನಡಿಗೆ ಎಂದು ನನ್ನ ಕಾಲಿಗೇ ಗೊತ್ತಾಗಿರಲಿಲ್ಲ.

ನಿವೃತ್ತಿಯಾದ ಮೇಲೆ ಕೆಲವು ದಿನ ನನ್ನ ಸ್ಥಿತಿ ನಗೆಪಾಟಲಾಗಿತ್ತು. ಪಕ್ಕದ ಮನೆಯಾಕೆ ಕಾಫಿಪುಡಿ ಕೇಳಲು ಬಂದು ಬಾಗಿಲಲ್ಲಿ ನಿಂತರೆ ಬಾಯಿ ತಾನಾಗಿ "ಎಲ್ಲಿಗೆ?" ಎಂದುಬಿಡುತ್ತಿತ್ತು. ಆಟೋದಲ್ಲಿ ಕೂತರೆ ಚಾಲಕ ಹೊರಡುವ ಮೊದಲೇ "ರೈಟ್" ಅನ್ನುತ್ತಿದ್ದೆ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಸುಮ್ಮನೆ ಕೂತಿದ್ದಾಗ ಒಂದು ವಿಷಯ ಹೊಳೆಯಿತು. ಅರವತ್ತು ವರ್ಷದಲ್ಲಿ ನಾನು ಒಬ್ಬಳೇ ಎಲ್ಲಿಗೂ ಹೋಗಿಲ್ಲ. ಬಸ್ಸಿನಲ್ಲಿ ಅರವತ್ತು ಎಪ್ಪತ್ತು ಜನ ಜೊತೆಗಿರುತ್ತಿದ್ದರು. ಮದುವೆಗೆ, ತಿಥಿಗೆ, ಆಸ್ಪತ್ರೆಗೆ, ಎಲ್ಲದಕ್ಕೂ ಯಾರೋ ಒಬ್ಬರು ಪಕ್ಕದಲ್ಲಿ. ಕಡೆಗೆ ಡಿಪೋದಿಂದ ಮನೆಗೆ ಬರುವಾಗಲೂ ನಮ್ಮ ಯಜಮಾನರು ಸ್ಕೂಟರ್ ತಂದು ನಿಲ್ಲಿಸಿರುತ್ತಿದ್ದರು.

ಇದರ ಬೇರು ನಮ್ಮ ಅಜ್ಜಿಯ ಕಾಲದಲ್ಲಿದೆ. ಹೆಣ್ಣುಮಗು ಒಬ್ಬಳೇ ಹೋಗುವುದು ಎಂಬ ಮಾತೇ ಅವಳ ಬಾಯಲ್ಲಿ ಇರಲಿಲ್ಲ. ನಾಲೆ ಏರಿಯ ಮೇಲೆ ಅರ್ಧ ಮೈಲಿ ನಡೆದರೆ ಚಿಕ್ಕಜ್ಜಿಯ ಮನೆ. ಅಲ್ಲಿಗೆ ಎಲೆ ಅಡಿಕೆ ಕೊಟ್ಟು ಬರಲು ನನ್ನನ್ನು ಕಳಿಸಬೇಕಾದರೂ ಜೊತೆಗೆ ಒಬ್ಬರು ಬೇಕು. ನಾಟಿಯ ಕಾಲದಲ್ಲಿ ಮನೆಯವರೆಲ್ಲ ಗದ್ದೆಯಲ್ಲಿ. ಯಾರೂ ಸಿಗದಿದ್ದರೆ ಅಜ್ಜಿ ಕೊಟ್ಟಿಗೆಯಿಂದ ಮೇಕೆಯನ್ನು ಬಿಚ್ಚಿ ಹಗ್ಗವನ್ನು ನನ್ನ ಕೈಗೆ ಕೊಡುತ್ತಿದ್ದಳು. ಒಂದು ಜೀವ ಅಂತ ಜೊತೆಗೆ ಇರಲಿ, ಧೈರ್ಯವಾಗಿರುತ್ತದೆ ಎನ್ನುವುದು ಅವಳ ಲೆಕ್ಕಾಚಾರ. ನಗಬೇಡಿ. ಆ ಮೇಕೆ ದಾರಿಯಲ್ಲೇ ಎಲೆಯನ್ನು ತಿಂದು ಅಡಿಕೆಯನ್ನು ಮಾತ್ರ ನನಗೆ ಬಿಡುತ್ತಿತ್ತು. ಒಂದು ಸಲ ಯಾರದೋ ತೊಗರಿ ಹೊಲಕ್ಕೆ ನುಗ್ಗಿತು. ಹೊಲದ ಯಜಮಾನ ನಮ್ಮಿಬ್ಬರನ್ನೂ ಹುಣಸೆ ಮರದ ಕೆಳಗೆ ಕೂರಿಸಿ, ಅಜ್ಜಿ ಬಂದು ಬಿಡಿಸಿಕೊಳ್ಳುವವರೆಗೂ ಬಿಡಲಿಲ್ಲ. ಅಜ್ಜಿ ಬಂದವಳೇ ಮೊದಲು ಮೇಕೆಯ ಮೈ ಸವರಿದಳು.

ಹೀಗೆ ಬೆಳೆದವಳಿಗೆ ಅರವತ್ತರಲ್ಲಿ ಒಬ್ಬಳೇ ಒಂದು ದಿನ ಎಲ್ಲಾದರೂ ನಡೆಯಬೇಕು ಎನ್ನಿಸಿದ್ದು ತಪ್ಪಲ್ಲವಲ್ಲ. ಎಲ್ಲಿಗೆ ಎನ್ನುವುದಕ್ಕೆ ಯೋಚನೆಯೇ ಬೇಕಾಗಲಿಲ್ಲ. ನರಸೀಪುರದಿಂದ ತಲಕಾಡಿನ ಕಡೆಗೆ ಹೋಗುವಾಗ ಹೊಳೆಯ ಪಕ್ಕದಲ್ಲಿ ಮರಳಿನ ದಿಬ್ಬಗಳಿವೆ. ಮರಳು ಹಾರಿ ಹೊಲ ಮುಚ್ಚದಿರಲಿ ಎಂದು ಅರಣ್ಯದವರು ಅಲ್ಲಿ ಸರ್ವೆ ಗಿಡ ನೆಟ್ಟು ತೋಪು ಮಾಡಿದ್ದಾರೆ. ಅದರ ಮುಂದೆ ಒಂದು ಕಬ್ಬಿಣದ ಗೇಟು, ಗೇಟಿನ ಎದುರು ಬಸ್ ನಿಲ್ಲುತ್ತದೆ. ಆ ಸ್ಟಾಪಿನ ಹೆಸರನ್ನು ನಾನು ಎಷ್ಟು ಸಾವಿರ ಸಲ ಕೂಗಿದ್ದೇನೋ. ಒಂದು ಸಲವೂ ಅಲ್ಲಿ ಇಳಿದಿರಲಿಲ್ಲ.

ಆ ತೋಪಿನ ಆಸೆ ಹಚ್ಚಿದವರು ಹೊನ್ನಾವರದ ಕಡೆಯ ಒಬ್ಬ ಬ್ಯಾಂಕ್ ಗುಮಾಸ್ತರು. ವರ್ಗವಾಗಿ ಬಂದು ದಿನವೂ ನನ್ನ ಬಸ್ಸಿನಲ್ಲಿ ಓಡಾಡುತ್ತಿದ್ದರು. ತೋಪಿನ ಹತ್ತಿರ ಬಸ್ ನಿಂತ ತಕ್ಷಣ ಕಣ್ಣು ಮುಚ್ಚಿಬಿಡುತ್ತಿದ್ದರು. ಕಣ್ಣು ಮುಚ್ಚುವ ಪ್ರಯಾಣಿಕರ ಮೇಲೆ ಕಂಡಕ್ಟರಿಗೆ ಸಹಜವಾಗಿಯೇ ಅನುಮಾನ. ಟಿಕೆಟ್ ತೆಗೆದುಕೊಂಡೂ ಈತ ಯಾಕೆ ನಿದ್ದೆಯ ನಾಟಕ ಆಡುತ್ತಾನೆ ಎಂದು ಒಂದು ದಿನ ಕೇಳಿಯೇಬಿಟ್ಟೆ. ಅವರು ನಕ್ಕು, ನಮ್ಮೂರಲ್ಲಿ ಕಡಲ ದಂಡೆಯ ಉದ್ದಕ್ಕೂ ಇದೇ ಮರ, ಗಾಳಿಮರ ಅಂತೀವಿ, ಇಲ್ಲಿ ಕಣ್ಣು ಮುಚ್ಚಿದರೆ ಸಮುದ್ರ ಕೇಳಿಸುತ್ತೆ ಎಂದರು. ನಾನೂ ಕಿವಿ ಕೊಟ್ಟೆ. ನನಗೆ ಕೇಳಿಸಿದ್ದು ಎಂಜಿನ್ನು. ಬಸ್ ನಿಲ್ಲುತ್ತಿದ್ದದ್ದು ಎರಡು ನಿಮಿಷ. ನಮ್ಮ ಡ್ರೈವರ್ ಎಂಜಿನ್ ನಿಲ್ಲಿಸುವ ಪೈಕಿ ಅಲ್ಲ. ನಾನು ಇವತ್ತಿನವರೆಗೂ ಸಮುದ್ರ ನೋಡಿಲ್ಲ.

ಹೋಗುತ್ತೇನೆ ಎಂದ ದಿನ ಮನೆಯಲ್ಲಿ ಸಣ್ಣದೊಂದು ಪಂಚಾಯಿತಿ ಸೇರಿತು. ಯಜಮಾನರು ಬೇಡ ಅನ್ನಲಿಲ್ಲ. ಆದರೆ ಆ ಕಡೆ ಕಬ್ಬಿನ ಗದ್ದೆಗಳಲ್ಲಿ ಚಿರತೆ ಓಡಾಡುತ್ತದಂತೆ ಎಂಬುದನ್ನು ಯಾರಿಗೂ ಹೇಳದ ಹಾಗೆ ಗೋಡೆಗೆ ಹೇಳಿದರು. ತಾಂಡವಪುರದಲ್ಲಿರುವ ನಾದಿನಿ ಫೋನ್ ಮಾಡಿ, ನಾನೂ ಬರುತ್ತೇನೆ ಅತ್ತಿಗೆ, ಪುಳಿಯೋಗರೆ ಕಲಸಿಕೊಂಡು ಬರುತ್ತೇನೆ ಎಂದಳು. ಅವಳ ಪುಳಿಯೋಗರೆಗೆ ಇಲ್ಲ ಎನ್ನುವುದು ಸುಲಭವಲ್ಲ. ಆದರೂ ಅಂದೆ. ಬೆಳಿಗ್ಗೆ ನೋಡಿದರೆ ನನ್ನ ಚೀಲದಲ್ಲಿ ಕೊಡೆ, ಟಾರ್ಚು, ಅರಿಸಿನದ ಪುಡಿ, ಒಂದು ಸುತ್ತು ಬ್ಯಾಂಡೇಜು ಬಟ್ಟೆ ತುಂಬಿತ್ತು. ಅದರ ಮೇಲೆ ಬೀರುವಿನಲ್ಲಿದ್ದ, ಬಸ್ಸಿನಲ್ಲಿ ಊದುತ್ತಿದ್ದ ನನ್ನ ಹಳೇ ಪೀಪಿಯನ್ನೂ ಇಟ್ಟಿದ್ದರು. ಇದೆಲ್ಲ ಯಾಕೆ ಎಂದೆ. ಯಜಮಾನರು ಸ್ಕೂಟರ್ ಒರೆಸುತ್ತಾ, "ಒಬ್ಳೇ ಹೋಗ್ತಿದ್ದೀಯಲ್ಲ, ನಾವೆಲ್ಲ ಚೀಲದಲ್ಲಿ ಬತ್ತೀವಿ" ಎಂದರು.

ನರಸೀಪುರದಲ್ಲಿ ಬಸ್ ಬದಲಿಸಿ ತೋಪಿನ ಗೇಟಿಗೆ ಟಿಕೆಟ್ ಕೇಳಿದೆ. ಹೊಸ ಕಂಡಕ್ಟರು, ಚಿಕ್ಕ ವಯಸ್ಸು. ಅಲ್ಲಿ ಯಾರೂ ಇಳಿಯಲ್ಲ ಮೇಡಂ, ತಲಕಾಡಿಗೆ ಕೊಡಲಾ ಎಂದ. ನಾನು ಇಳೀತೀನಿ ಎಂದೆ. ಇಳಿದೆ. ಬಸ್ ಹೋಯಿತು.

ಬಸ್ ಹೊರಟ ಮೇಲೆ ರಸ್ತೆಯಲ್ಲಿ ನಿಂತು ಅದರ ಬೆನ್ನು ನೋಡುವ ಅನುಭವ ನನಗೆ ಹೊಸದು. ಯಾವಾಗಲೂ ನಾನು ಒಳಗಿರುತ್ತಿದ್ದೆ, ಜನ ಸಣ್ಣಗಾಗುತ್ತಿದ್ದರು. ಈಗ ಬಸ್ಸು ಸಣ್ಣಗಾಯಿತು. ಅದರ ಸದ್ದು ಪೂರ್ತಿ ಅಡಗಿತು. ಆಗ ಕೇಳಿಸಿತು.

ಹೇಗೆ ಹೇಳಲಿ? ಎಲೆ ಅಲ್ಲಾಡುವ ಸದ್ದಲ್ಲ ಅದು. ಅರಳಿ ಮರ ಮಾತಾಡುತ್ತದೆ, ತೆಂಗು ಬಡಬಡಿಸುತ್ತದೆ, ಬಿದಿರು ಕಿರುಗುಟ್ಟುತ್ತದೆ. ಸರ್ವೆ ಉಸಿರಾಡುತ್ತದೆ. ದೂರದಿಂದ ಎದ್ದು, ಹತ್ತಿರ ಬಂದು, ತಲೆಯ ಮೇಲೆ ಹಾದು, ಇನ್ನೆಲ್ಲಿಗೋ ಹೋಗುತ್ತದೆ. ಹೋಗಿ ಮುಗಿಯಿತು ಅಂದುಕೊಂಡಾಗ ಇನ್ನೊಂದು ಏಳುತ್ತದೆ. ಗೇಟಿನ ಕಂಬ ಹಿಡಿದು ಕಣ್ಣು ಮುಚ್ಚಿ ನಿಂತೆ. ಗೇಟಿನ ಬಳಿ ಕೂತಿದ್ದ ಕಾವಲಿನವನು ತಲೆ ಸುತ್ತು ಬಂತಾ ಎಂದು ವಿಚಾರಿಸಿದ. ಇಲ್ಲಪ್ಪ, ಸಮುದ್ರ ಕೇಳಿಸಿಕೊಳ್ಳುತ್ತಿದ್ದೆ ಎಂದು ಹೇಳಲಾಗಲಿಲ್ಲ. ಹೌದು, ಸ್ವಲ್ಪ ಎಂದೆ. ಅವನು ನನ್ನ ಹಿಂದೆ ಮುಂದೆ ನೋಡಿ ಒಬ್ರೇನಾ ಎಂದು ಕೇಳಿ, ಐದು ಗಂಟೆಯೊಳಗೆ ಹೊರಗೆ ಬಂದುಬಿಡಬೇಕು ಎಂದು ಕಳಿಸಿಕೊಟ್ಟ.

ಒಳಗೆ ಮರಗಳು ಸಾಲಾಗಿ ನಿಂತಿದ್ದವು. ನೆಟ್ಟವರು ಹಗ್ಗ ಹಿಡಿದು ನೆಟ್ಟಿರಬೇಕು. ಯಾವ ಕಡೆ ನೋಡಿದರೂ ಒಂದೊಂದು ಓಣಿ. ನೆಲದ ಮೇಲೆ ಬೆರಳುದ್ದ ದಪ್ಪಕ್ಕೆ ಸೂಜಿ ಎಲೆಯ ತರಗು. ಕಂದು ಬಣ್ಣದ ಕಂಬಳಿ ಹಾಸಿದ ಹಾಗೆ. ಕಾಲಿಟ್ಟರೆ ಸದ್ದಿಲ್ಲ. ಬಿಸಿಲು ಜರಡಿ ಹಿಡಿದಂತೆ ಸಣ್ಣಗೆ ಸುರಿಯುತ್ತಿತ್ತು. ಮೊದಲ ಹತ್ತು ನಿಮಿಷ ನಾನು ಡ್ಯೂಟಿಯ ಮೇಲೆ ಇದ್ದವಳ ಹಾಗೆ ಬಿರಬಿರನೆ ನಡೆದೆ. ಆಮೇಲೆ, ಯಾವ ಟೈಮಿಗೆ ಎಲ್ಲಿ ತಲುಪಬೇಕು ಎಂದು ನನ್ನನ್ನು ನಾನೇ ಕೇಳಿಕೊಂಡೆ. ಆವಾಗ ಕಾಲು ತಾನಾಗಿ ನಿಧಾನವಾಯಿತು.

ಎಷ್ಟು ಸಂತೋಷವಾಯಿತು ಅಂದರೆ ಹೇಳಲು ನಾಚಿಕೆ. ಒಂದು ದಿಬ್ಬದ ಮೇಲಿನಿಂದ ಮರಳಿನಲ್ಲಿ ಕೂತು ಜಾರಿದೆ. ಅರವತ್ತರ ಹೆಂಗಸು, ಚೂಡಿದಾರದಲ್ಲಿ. ಒಂದು ಸಲ ಅಲ್ಲ, ಮೂರು ಸಲ. ಮೂರನೆಯ ಸಲ ಜಾರುವಾಗ ಕೆಳಗೆ ಒಂದು ನವಿಲು ನಿಂತು ನೋಡುತ್ತಿತ್ತು. ನಾವಿಬ್ಬರೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡಿಕೊಂಡೆವು. ಅದು ಮರ್ಯಾದಸ್ಥರ ಹಾಗೆ ಮುಖ ತಿರುಗಿಸಿ ಹೊರಟುಹೋಯಿತು. ಜೋರಾಗಿ ಹಾಡಿದೆ. ಹಾಡಿನ ಎರಡನೆಯ ಸಾಲು ಮರೆತಿತ್ತು, ಮೊದಲನೆಯದನ್ನೇ ಹತ್ತು ಸಲ ಹಾಡಿದೆ. ಯಾರೂ ನಿಲ್ಲಿಸು ಅನ್ನಲಿಲ್ಲ.

ಎತ್ತರದ ದಿಬ್ಬ ಒಂದನ್ನು ಹತ್ತಿದಾಗ ಮರಗಳ ಆಚೆ ಕಾವೇರಿ ಕಂಡಳು. ಮಾಗಿಯ ನೀರು, ತೆಳ್ಳಗೆ, ಬಿಸಿಲಲ್ಲಿ ಮಿನುಗುತ್ತಿತ್ತು. ಅಲ್ಲೇ ಕೂತು ರಾಗಿ ರೊಟ್ಟಿ ಬಿಚ್ಚಿದೆ. ಹುಚ್ಚೆಳ್ಳು ಚಟ್ನಿ, ಎರಡು ರಸಬಾಳೆ. ಜೀವನದಲ್ಲಿ ಮೊದಲ ಸಲ ಯಾರಿಗೂ ಬಡಿಸದೆ, ಯಾರನ್ನೂ ಸಾಕಾ ಬೇಕಾ ಎಂದು ಕೇಳದೆ ಉಂಡೆ. ಉಂಡು ಚೀಲ ತಲೆದಿಂಬು ಮಾಡಿಕೊಂಡು ಮಲಗಿದೆ. ಮೇಲೆ ಆ ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಕಣ್ಣು ಯಾವಾಗ ಹತ್ತಿತೋ.

ಎದ್ದಾಗ ಬಿಸಿಲು ವಾಲಿತ್ತು. ಬಂದ ಹೆಜ್ಜೆಯ ಗುರುತು ಹಿಡಿದು ವಾಪಸ್ಸು ಹೋಗುವುದು ನನ್ನ ಯೋಜನೆ. ಮರಳಿನ ಮೇಲಿನ ಗುರುತನ್ನೆಲ್ಲ ಗಾಳಿ ಒರೆಸಿಹಾಕಿತ್ತು. ತರಗಿನ ಮೇಲೆ ಗುರುತು ಬೀಳುವುದೇ ಇಲ್ಲ. ಒಂದು ಓಣಿ ಹಿಡಿದು ಹೋದೆ, ಅದು ಇನ್ನೊಂದು ದಿಬ್ಬಕ್ಕೆ ಮುಟ್ಟಿತು. ಇನ್ನೊಂದನ್ನು ಹಿಡಿದೆ, ಅದೂ ಅಂಥದ್ದೇ ದಿಬ್ಬಕ್ಕೆ ತಂದು ಬಿಟ್ಟಿತು. ಅದೇ ದಿಬ್ಬವೋ ಏನೋ. ಹೊಳೆಯೂ ಕಾಣದು, ರಸ್ತೆಯೂ ಕೇಳದು. ಫೋನ್ ತೆಗೆದರೆ ಸಿಗ್ನಲ್ ಇಲ್ಲ. ಇಪ್ಪತ್ತೊಂಬತ್ತು ವರ್ಷ ಊರಿಗೆಲ್ಲ ದಾರಿ ಹೇಳಿದವಳು, ಮುಂದಿನ ಸ್ಟಾಪ್ ಯಾವುದು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದವಳು, ಈಗ ಮರಗಳ ನಡುವೆ ನಿಂತು ಎಡ ಯಾವುದು ಬಲ ಯಾವುದು ಎಂದು ಕೈ ನೋಡಿಕೊಂಡೆ. ಗೋಡೆಗೆ ಹೇಳಿದ ಚಿರತೆ ನೆನಪಾಯಿತು. ನಿಜ ಹೇಳುತ್ತೇನೆ, ಒಂದು ಮೇಕೆಯಾದರೂ ಇದ್ದಿದ್ದರೆ ಎನ್ನಿಸಿತು.

ಚೀಲದಲ್ಲಿ ಕೈಯಾಡಿಸಿದೆ. ಟಾರ್ಚು ಸಿಕ್ಕಿತು, ಅರಿಸಿನ ಸಿಕ್ಕಿತು, ಕಡೆಗೆ ಪೀಪಿ. ಉದ್ದಕ್ಕೆ ಒಂದು ಸಲ ಊದಿದೆ. ನಮ್ಮ ಕೆಲಸದಲ್ಲಿ ಒಂದು ಊದಿದರೆ ನಿಲ್ಲಿಸು ಎಂದು ಅರ್ಥ, ಎರಡು ಊದಿದರೆ ಹೋಗು. ಸದ್ದು ಮರಗಳ ನಡುವೆ ಹೋಗಿ ಎಲ್ಲೋ ಕರಗಿತು. ಇನ್ನೊಂದು ಸಲ ಊದಿದೆ. ಆಗ ದಿಬ್ಬದ ಆಚೆಯಿಂದ ಒಂದು ಹೆಣ್ಣು ದನಿ ಬಂತು:

"ಯಾರದು, ಕಾಡಿಗೆ ಬಸ್ ತಂದೋರು?"

ಓಡಿದೆ. ಆಚೆ ಇಳಿಜಾರಿನಲ್ಲಿ ಐವತ್ತರ ಆಸುಪಾಸಿನ ಹೆಂಗಸು ಕೂತಿದ್ದಳು. ಪಕ್ಕದಲ್ಲಿ ಹಳೇ ಸೀರೆಯಲ್ಲಿ ಬಿಗಿದು ಕಟ್ಟಿದ, ಅವಳ ಮೂರರಷ್ಟು ಗಾತ್ರದ ತರಗಿನ ಹೊರೆ. ಹೆಸರು ಸಾಕಮ್ಮ ಎಂದು ಆಮೇಲೆ ತಿಳಿಯಿತು. ದಾರಿ ತಪ್ಪಿದೆ ಎಂದೆ. ಅವಳು ನಾನೂ ಇಲ್ಲೇ ಒಂದು ಗಂಟೆಯಿಂದ ಕೂತಿದ್ದೇನೆ ಎಂದಳು. ಹೊರೆಯನ್ನು ಒಬ್ಬರೇ ಕಟ್ಟಬಹುದಂತೆ, ಒಬ್ಬರೇ ತಲೆಗೆ ಏರಿಸಲಾಗದು. ಜೊತೆಗೆ ಬರಬೇಕಾಗಿದ್ದ ವಾರಗಿತ್ತಿ ಜ್ವರ ಎಂದು ಬಂದಿರಲಿಲ್ಲ. ಯಾರಾದರೂ ಬಂದೇ ಬರುತ್ತಾರೆ ಎಂದು ಸುಮ್ಮನೆ ಕೂತಿದ್ದಳು. ಅವಳಿಗೆ ಇನ್ನೆರಡು ಕೈ ಬೇಕಾಗಿತ್ತು, ನನಗೆ ದಾರಿ ಬೇಕಾಗಿತ್ತು. ಸುತ್ತಿದ ಬಟ್ಟೆಯ ಸಿಂಬೆಯನ್ನು ಅವಳು ನೆತ್ತಿಯ ಮೇಲಿಟ್ಟುಕೊಂಡಳು. ಇಬ್ಬರೂ ಸೇರಿ ಹೊರೆ ಎತ್ತಿದೆವು. ಅವಳು ಮುಂದೆ, ನಾನು ಹಿಂದೆ.

ಅವಳ ಮನೆ ತೋಪಿನ ಆಚೆ ಬದಿಗೆ ಇರುವ ಹಳ್ಳಿಯಲ್ಲಿ. ಅಲ್ಲಿಂದ ರಸ್ತೆ ಹತ್ತಿರ, ಬಸ್ ಹತ್ತಿಸುತ್ತೇನೆ ಎಂದಳು. ಗ್ಯಾಸ್ ಇಲ್ಲವಾ ಎಂದು ಕೇಳಿದೆ. ಗ್ಯಾಸ್ ಇದೆ, ಸ್ನಾನದ ಹಂಡೆಗೆ ಮಾತ್ರ ಸರ್ವೆ ತರಗೇ ಆಗಬೇಕು, ಆ ನೀರು ಮೈಗೆ ಬೀಳುವ ಸುಖವೇ ಬೇರೆ ಎಂದಳು. ಒಣ ತರಗು ಗುಡಿಸಿಕೊಂಡರೆ ಕಾವಲಿನವರೂ ಏನೂ ಅನ್ನುವುದಿಲ್ಲವಂತೆ. ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಪೀಪಿಯ ಕಡೆಗೆ ಮಾತು ತಿರುಗಿತು. ಇದೆಲ್ಲಿ ಸಿಕ್ಕಿತು ಎಂದು ಕೇಳಿದಳು. ಮೊಮ್ಮಗನದು ಎಂದುಬಿಟ್ಟೆ. ಕಂಡಕ್ಟರೊಬ್ಬಳು ಪೀಪಿ ಹಿಡಿದುಕೊಂಡು ದಾರಿ ತಪ್ಪಿದಳು ಎಂದು ಊರೆಲ್ಲ ಹೇಳಿಯಾಳು ಎಂದು ಭಯ. ನನಗೆ ಮೊಮ್ಮಗನೇ ಇಲ್ಲ.

ಪೀಪಿ ಸದ್ದು ಕೇಳಿದರೆ ನನಗೆ ನಗು ಬರುತ್ತದೆ ಎಂದಳು ಸಾಕಮ್ಮ. ಯಾಕೆ ಎಂದೆ. ಅವಳು ಕತ್ತು ತಿರುಗಿಸದೆ, ದಾರಿಯನ್ನೇ ನೋಡುತ್ತಾ ಹೇಳಿದಳು:

"ಮದ್ವೆಗೆ ಮುಂಚೆ ಒಂದ್ಸಲ ಇಂಗೇ ಒರೆ ಕಟ್ಕೊಂಡು ಗೇಟ್ ತಾವ ನಿಂತಿದ್ದೆ ಕಣವ್ವ. ಸೋಸಲೆ ಅತ್ರ ನಮ್ಮವ್ವನ ಮನೆ. ಬಸ್ ಬತ್ತು. ಎಂಗ್ಸು ಕಂಡಕ್ಟ್ರು. ಅಕ್ಕಾ, ಅತ್ಕತೀನಿ ಅಂದೆ. ಬಸ್ ಇರಾದು ಮನುಸ್ರಿಗೆ, ತರಗಿಗಲ್ಲ ಅಂದ್ಬುಟ್ಟು ಪೀಪಿ ಊದ್ಕಂಡು ಒಂಟೋದ್ಲು."

ನಾನು ಒಂದು ಹೆಜ್ಜೆ ತಪ್ಪಿ ನಿಂತೆ. ಆ ಮಾತು ನನ್ನದು. ಆ ವರ್ಷಗಳಲ್ಲಿ ಆ ದಾರಿಯಲ್ಲಿ ಹೆಂಗಸು ಕಂಡಕ್ಟರು ನನ್ನ ಬಿಟ್ಟು ಬೇರೆ ಇರಲಿಲ್ಲ ಎನ್ನುವುದು ಒಂದು. ಮಾತೇ ನೆನಪಿತ್ತು ಎನ್ನುವುದು ಇನ್ನೊಂದು. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಹಿಂದಿನ ದಿನವೇ, ಬಸ್ಸಿನಲ್ಲಿ ಸಾಮಾನು ಜಾಸ್ತಿ ಎಂದು ಮೇಲಿನವರೊಬ್ಬರು ಎಲ್ಲರೆದುರು ಗದರಿದ್ದರು. ಹೊರೆ ಚುಚ್ಚುತ್ತದೆ ಎಂದು ಒಳಗಿನವರು ಗೊಣಗಿದರು. ಹೆಂಗಸಾದರೂ ಖಡಕ್ಕು ಎಂದು ಅನ್ನಿಸಿಕೊಳ್ಳುವ ಆಸೆ ನನಗೆ. ಆ ವಾಕ್ಯ ಬಾಯಿಗೆ ಬಂತು, ನಾಲ್ಕು ಜನ ನಕ್ಕರು. ಆ ರಾತ್ರಿ ಮನೆಗೆ ಬಂದು ಯಜಮಾನರಿಗೆ ಆ ಮಾತನ್ನು ಎರಡು ಸಲ ಹೇಳಿ ತೋರಿಸಿದ್ದೆ. ಮಾತು ನೆನಪಿತ್ತು. ಯಾರಿಗೆ ಅಂದಿದ್ದೆನೋ ಅವಳ ಮುಖ ಮಾತ್ರ ನೆನಪಿರಲಿಲ್ಲ.

ಸಾಕಮ್ಮ ಮುಂದುವರಿಸಿದ್ದಳು. ಅವತ್ತು ಹೊರೆಯ ಮೇಲೆ ಕೂತು ಅತ್ತಳಂತೆ. ಅದೇ ಆ ದಿನದ ಕೊನೇ ಬಸ್ಸು. ನಿನ್ನ ಗಾಲಿ ಸೀಳಿಹೋಗ ಎಂದು ಕಂಡಕ್ಟರಿಗೆ ಶಾಪ ಹಾಕಿದಳಂತೆ. ಹೊತ್ತು ಮುಳುಗುವ ಹೊತ್ತಿಗೆ ಇಟ್ಟಿಗೆ ಗೂಡಿನ ಟ್ರಾಕ್ಟರ್ ಬಂತು. ಓಡಿಸುತ್ತಿದ್ದವನು ನಿಲ್ಲಿಸಿ, ಏನೂ ಕೇಳದೆ ಹೊರೆಯನ್ನು ಹಿಂದಕ್ಕೆ ಎಸೆದ. ಅವಳೂ ಹತ್ತಿದಳು. ಅವಳ ತಾಯಿಯ ಮನೆ ಮುಟ್ಟುವವರೆಗೂ ಅವನು ಒಂದು ಮಾತೂ ಆಡಲಿಲ್ಲ. ಹೊರೆ ಇಳಿಸಿ, ಒಂದು ಚೊಂಬು ನೀರು ಕುಡಿದು, ನಾಳೇನೂ ತರಗಿಗೆ ಬತ್ತೀಯಾ ಎಂದು ಮಾತ್ರ ಕೇಳಿದ. ಮಾರನೆಯ ದಿನ ತರಗು ಬೇಕಾಗಿರಲಿಲ್ಲ. ಆದರೂ ಬಂದಳು. ಟ್ರಾಕ್ಟರೂ ಬಂತು.

"ಅವ್ರೇ ನಮ್ಮ ಯಜಮಾನ್ರು, ಸಿದ್ದರಾಜು," ಎಂದಳು. "ಆ ಕಂಡಕ್ಟ್ರು ಅತ್ತುಸ್ಕಂಡಿದ್ರೆ ನಾನೆಲ್ಲೋ, ಇವ್ರೆಲ್ಲೋ."

ಸುಮ್ಮನಿದ್ದುಬಿಡಬಹುದಿತ್ತು. ಕಥೆ ಸುಖವಾಗಿ ಮುಗಿದಿತ್ತು, ಬಸ್ಸಿನ ದಾರಿ ಹತ್ತಿರ ಬಂದಿತ್ತು. ಮೊಮ್ಮಗನ ಸುಳ್ಳೂ ನೆಟ್ಟಗೆ ನಿಂತಿತ್ತು. ಆದರೆ ಅವಳು ಅತ್ತಳು ಎನ್ನುವ ಮಾತು ಶೂನೊಳಗಿನ ಮರಳಿನ ಹಾಗೆ ಒತ್ತುತ್ತಿತ್ತು. ನಾನು ಸ್ವಲ್ಪ ದೂರ ಹೊರುತ್ತೇನೆ ಎಂದೆ. ಸಾಕಮ್ಮ ನಕ್ಕಳು, ನಿಮ್ಮ ಕೈಲಿ ಆಗುವುದಿಲ್ಲ ಎಂದಳು. ಹಟ ಹಿಡಿದೆ. ದಿಬ್ಬಕ್ಕೆ ಒರಗಿ ಹೊರೆಯನ್ನು ನನ್ನ ತಲೆಗೆ ದಾಟಿಸಿದಳು. ಇನ್ನು ನೇರ ದಾರಿ ಎಂದು ನನ್ನನ್ನು ಮುಂದೆ ಬಿಟ್ಟು ತಾನು ಹಿಂದೆ ಬಂದಳು. ತೂಕ ಅಷ್ಟಿಲ್ಲ, ಆದರೆ ಕುತ್ತಿಗೆ ಅತ್ತಿತ್ತ ಅಲ್ಲಾಡುವ ಹಾಗಿಲ್ಲ. ಕಿವಿಯ ಪಕ್ಕದಲ್ಲೇ ತರಗು ಪಿಸುಗುಟ್ಟುತ್ತದೆ. ಮುಂದಿನ ನಾಲ್ಕು ಮಾರು ನೆಲ ಬಿಟ್ಟು ಬೇರೇನೂ ಕಾಣದು. ಹಿಂದೆ ಬರುವವರ ಮುಖವಂತೂ ಕಾಣುವುದೇ ಇಲ್ಲ. ಅದರಿಂದಲೇ ಧೈರ್ಯ ಬಂತು.

"ಸಾಕಮ್ಮ, ಆ ಕಂಡಕ್ಟ್ರು ನಾನೇ," ಎಂದೆ. "ತಪ್ಪು ಮಾಡಿದೆ."

ಹಿಂದೆ ಬರುತ್ತಿದ್ದ ಬಳೆಯ ಸದ್ದು ನಿಂತಿತು. ನಾನೂ ನಿಂತೆ. ತಿರುಗಲಾಗದು. ಮರಗಳ ಮೇಲೆ ಒಂದು ಉಸಿರು ಬಂದು ಹಾದುಹೋಯಿತು. ಇನ್ನೊಂದು ಬಂತು. ಅಷ್ಟು ಹೊತ್ತು ನಾನು ಯಾವ ಸ್ಟಾಪಿನಲ್ಲೂ ಕಾದವಳಲ್ಲ.

"ಅದ್ಕೇನಾ ಒರೆ ಒತ್ಕಂಡಿದ್ದು?" ಎಂದು ಕೇಳಿದಳು ಕಡೆಗೆ.

ಸ್ವಲ್ಪ ಅದಕ್ಕೂ ಎಂದೆ.

"ತಪ್ಪೇ ಕಣವ್ವ. ತಪ್ಪಲ್ಲ ಅಂತ ನಾನೇನೂ ಏಳಕಿಲ್ಲ. ಬೋ ಅತ್ತಿದ್ದೆ ಅವತ್ತು. ಆದ್ರೆ ಒಳ್ಳೇದಾಯ್ತು. ಎರಡೂ ನಿಜವೇಯ."

ನಿನ್ನ ಶಾಪ ಫಲಿಸಿತು, ಮಾರನೆಯ ದಿನವೇ ಗರ್ಗೇಶ್ವರಿಯ ಹತ್ತಿರ ಬಸ್ಸು ಪಂಚರಾಗಿ ಎರಡು ಗಂಟೆ ಬಿಸಿಲಲ್ಲಿ ನಿಂತಿದ್ದೆ ಎಂದೆ. ಅದು ಅದೇ ವಾರವೋ ಮುಂದಿನ ವಾರವೋ ನನಗೆ ಖಚಿತವಿಲ್ಲ. ಆದರೆ ಅವಳಿಗೆ ಅಷ್ಟು ಕೊಡಬೇಕು ಅನ್ನಿಸಿತು. ಅವಳು ನಗಲು ಶುರುಮಾಡಿದಳು. ಒಬ್ಬರು ನಕ್ಕರೆ ಇನ್ನೊಬ್ಬರಿಗೆ ತಡೆಯುವುದು ಕಷ್ಟ, ತಲೆಯ ಮೇಲೆ ಹೊರೆ ಇದ್ದವರಿಗೆ ಇನ್ನೂ ಕಷ್ಟ. ನಗು ಅಡಗಿದ ಮೇಲೆ ಹೊರೆ ಕೊಡಲೇ ಎಂದೆ. ಬೇಡ, ಮನೆಗಂಟ ನೀವೇ ಒತ್ಕಳಿ, ಬಡ್ಡಿ ತೀರಲಿ ಎಂದಳು. ಕೈ ಬೀಸಿಕೊಂಡು ನನ್ನ ಮುಂದೆ ಹೋದಳು.

ಹೀಗೆ ನಾನು ತರಗಿನ ಹೊರೆ ಹೊತ್ತು ಹಳ್ಳಿಯ ಬೀದಿಯಲ್ಲಿ ನಡೆದೆ. ಬಿಳಿ ಶೂ, ಕುತ್ತಿಗೆಯಲ್ಲಿ ಪೀಪಿ. ಜಗಲಿಯ ಮೇಲೆ ಕೂತವರು ಮಾತು ನಿಲ್ಲಿಸಿ ನೋಡಿದರು. ಸಾಕಮ್ಮ ಯಾರಿಗೂ ವಿವರಣೆ ಕೊಡಲಿಲ್ಲ; ರಾಣಿಯ ಹಾಗೆ ಮುಂದೆ ನಡೆದಳು. ಮನೆಯ ಮುಂದೆ ಒಬ್ಬ ದೊಡ್ಡ ಮೈಕಟ್ಟಿನ, ಮೀಸೆಯೆಲ್ಲ ನರೆತ ಮನುಷ್ಯ ಕೂತು ಮಂಚಕ್ಕೆ ಹಗ್ಗ ಬಿಗಿಯುತ್ತಿದ್ದರು. ಹೆಂಡತಿ ಖಾಲಿ ಕೈಯಲ್ಲಿ ಬರುವುದನ್ನೂ ಅವಳ ಹಿಂದೆ ಒಂದು ಹೊರೆ ಶೂ ಹಾಕಿಕೊಂಡು ಬರುವುದನ್ನೂ ನೋಡಿ ಹಗ್ಗ ಬಿಟ್ಟರು. ಸಾಕಮ್ಮ ಎರಡೇ ಮಾತಿನಲ್ಲಿ ವಿಷಯ ಹೇಳಿದಳು. ಅವತ್ತು ನನ್ನ ಬಿಟ್ಟೋದ ಕಂಡಕ್ಟ್ರಮ್ಮ ಇವರೇ ಎಂದಳು.

ಸಿದ್ದರಾಜು ಎದ್ದು ನಿಂತರು. ಹೊರೆಯ ಕೆಳಗಿನ ನನ್ನ ಮುಖವನ್ನು ಬಗ್ಗಿ ನೋಡಿದರು. ಮಾತು ಕಮ್ಮಿಯ ಮನುಷ್ಯ ಎಂದು ಗೊತ್ತಾಗುತ್ತಿತ್ತು. ಹುಡುಕಿ ಹುಡುಕಿ ಆಡಿದರು.

"ನಿಮ್ಮನ್ನ ಒಂದ್ಸಲ ನೋಡ್ಬೇಕು ಅಂತಿದ್ದೆ ಕಣವ್ವ. ಇಷ್ಟೊರ್ಸ ಆಯ್ತು. ಸಿಕ್ಕುದ್ರೆ ಬಯ್ಯಬೇಕೋ ಕೈ ಮುಗೀಬೇಕೋ ಅನ್ನಾದು ಇನ್ನೂ ತೀರ್ಮಾನ ಆಗಿಲ್ಲ."

ಒಳಗೆ ನೀರು ತರಲು ಹೋಗಿದ್ದ ಸಾಕಮ್ಮನ ದನಿ ಬಂತು: "ಮೊದ್ಲು ಒರೆ ಇಳ್ಸು. ಆಮ್ಯಾಕೆ ತೀರ್ಮಾನ ಮಾಡೀವಂತೆ."

ಅವರು ಎರಡೂ ಕೈ ಚಾಚಿದರು. ಅಷ್ಟರಲ್ಲಿ ನನಗೆ ನಗು ಮೀರಿಹೋಗಿತ್ತು. ನಕ್ಕ ರಭಸಕ್ಕೆ ಹೊರೆ ಕುಲುಕಿ ಕಟ್ಟು ಸಡಿಲಗೊಂಡು, ಅರ್ಧ ಹೊರೆ ಅವರ ಕೈಗೆ ಬಂತು, ಅರ್ಧ ನನ್ನ ತಲೆ, ಹೆಗಲು, ಮೂಗಿನ ಮೇಲೆಲ್ಲ ಸುರಿಯಿತು.